ಗಾಜಿನ ಕೋಣೆಯ ಸೂರಿಗೆ ಅಣ್ಣ ಕೊಟ್ಟ ಅರ್ಧ

ನಮ್ಮ ತಾರಸಿಯ ಮೇಲಿನ ಗಾಜಿನ ಕೋಣೆಗೆ ಹೊಸ ಸೂರು ಹಾಕಿಸಲು ಎಷ್ಟಾಯಿತು ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಆರ್.ಟಿ. ನಗರದ ಹಳೆಯ ಮನೆಗಳೆಲ್ಲ ಎಲ್ಲೋ ಒಂದು ಕಡೆ ಸೋರುತ್ತಲೇ ಇರುತ್ತವೆ, ಹಾಗಾಗಿ ಕೇಳುವವರಿಗೂ ಬರವಿಲ್ಲ. ತೊಂಬತ್ತು ಸಾವಿರ ಎಂದು ಹೇಳಿ ಸುಮ್ಮನಾಗುತ್ತೇನೆ. ಅದು ವೆಲ್ಡಿಂಗ್ ಅಂಗಡಿಯವನಿಗೆ ಸಂದ ಹಣ ಮಾತ್ರ.

ಮನೆ ಅಪ್ಪ ಕಟ್ಟಿಸಿದ್ದು. ಕೆಳಗಿನದು ಅಣ್ಣನಿಗೆ, ಮೇಲಿನದು ನನಗೆ ಎಂದು ಪತ್ರ ಮಾಡಿಟ್ಟು ಹೋದರು. ತಾರಸಿಯ ಬಗ್ಗೆ ಆ ಪತ್ರದಲ್ಲಿ ಒಂದಕ್ಷರವೂ ಇರಲಿಲ್ಲ. ಯಶವಂತಪುರದ ಗುಜರಿ ಅಂಗಡಿಗಳಿಂದ ಹಳೆಯ ಕಿಟಕಿಗಳನ್ನು ಒಂದೊಂದಾಗಿ ಹೊತ್ತು ತಂದು, ಮೂರು ಕಡೆ ಗಾಜು, ಮೇಲೆ ಫೈಬರ್ ಶೀಟು ಹಾಕಿಸಿ, ಅಲ್ಲಿ ಗಿಡಗಳಿಗೆಂದೇ ಒಂದು ಕೋಣೆ ಮಾಡಿದ್ದರು. ಅವರು ಹೋದ ಮೇಲೆ ನೀರು ಹಾಕಿದವಳು ನಾನು, ಆದ್ದರಿಂದ ಕೋಣೆ ನನ್ನದಾಯಿತು. ಯಾರೂ ಕೊಟ್ಟದ್ದಲ್ಲ, ಯಾರೂ ಬೇಡ ಎಂದದ್ದೂ ಇಲ್ಲ.

ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ ಗಂಟಲು ಹರಿದುಕೊಂಡವಳು ನಾನು. ಬೆಳಗಿನ ಕಾಫಿಯನ್ನು ಆಂಥೂರಿಯಂ ಕುಂಡಗಳ ನಡುವೆ ಬೆತ್ತದ ಕುರ್ಚಿಯಲ್ಲಿ ಕೂತು ಕುಡಿಯುವ ಆ ಅರ್ಧ ಗಂಟೆ ನನ್ನನ್ನು ಯಾರೂ ಕೂಗುತ್ತಿರಲಿಲ್ಲ. ನನಗೆ ಬೇಕಿದ್ದದ್ದು ಅಷ್ಟೇ. ಅಣ್ಣ ತಾರಸಿಗೆ ಬಂದರೂ ಬಾಗಿಲ ಹೊರಗೇ ನಿಂತು, "ಏನಮ್ಮಾ, ಒಳಗಿದೀಯಾ?" ಎಂದು ಕೇಳಿ, ನಾನು ಕರೆದರೆ ಮಾತ್ರ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದ. ಆ ಮರ್ಯಾದೆಯ ಬೆಲೆ ಆಗ ನನಗೆ ಗೊತ್ತಿರಲಿಲ್ಲ.

ಹೋದ ವರ್ಷ ಬೇಸಿಗೆ ಮಳೆಯಲ್ಲಿ ಆಲಿಕಲ್ಲು ಬಿದ್ದು ಶೀಟು ಮೂರು ಕಡೆ ಒಡೆಯಿತು. ಮೊದಲೇ ಬಿಸಿಲಿಗೆ ಒಣಗಿ ಹಪ್ಪಳದಂತಾಗಿತ್ತು. ನೀರು ಕೋಣೆಯಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಅಣ್ಣನ ಬಾಗಿಲಿಗೆ ಇಳಿಯಿತು. ಗೊರಗುಂಟೆಪಾಳ್ಯದಿಂದ ವೆಲ್ಡಿಂಗ್‌ನವನನ್ನು ಕರೆಸಿದೆ. ಅವನು ಟೇಪು ಹಿಡಿದು ಅಳೆದು, ಕಬ್ಬಿಣವನ್ನು ಕೆರೆದು ನೋಡಿದ.

"ಮೇಡಂ, ಶೀಟ್ ಒಂದೇ ಚೇಂಜ್ ಮಾಡಿದ್ರೆ ಆಗಲ್ಲ. ಕೆಳಗಿನ ಫ್ರೇಮೂ ತುಕ್ಕು ತಿಂದೈತೆ. ಎಲ್ಲಾ ಬಿಚ್ಚಿ ಪಾಲಿಕಾರ್ಬೊನೇಟ್ ಹಾಕ್ಸಿ, ಆಮೇಲೆ ತಲೆ ಕೆಡಿಸ್ಕೊಳ್ಳೋದೇ ಬೇಡ" ಎಂದು ಒಂದು ಹಾಳೆಯಲ್ಲಿ ಖರ್ಚು ಬರೆದುಕೊಟ್ಟ.

ನನ್ನ ಯಜಮಾನರು ಹಾಳೆ ನೋಡಿ, "ನಿನ್ ಹತ್ರ ಇದೆಯಲ್ಲ, ಹಾಕಿಸ್ಬಿಡು. ನಿಮ್ಮಣ್ಣನ್ನ ಕೇಳೋಕೆ ಹೋಗ್ಬೇಡ" ಎಂದರು. ಇದ್ದದ್ದು ನಿಜ. ನಿವೃತ್ತಿಯಾದಾಗ ಬಂದ ಹಣ ಬ್ಯಾಂಕಿನಲ್ಲಿತ್ತು. ಆದರೆ ನೀರಿನ ಮೋಟರ್ ಸುಟ್ಟಾಗ, ಗೇಟಿಗೆ ಬಣ್ಣ ಹೊಡೆಸಿದಾಗ, ಕಡೆಗೆ ಮೆಟ್ಟಿಲಿನ ಬಲ್ಬಿಗೂ, ಚೀಟಿ ಹಿಡಿದು ಮೇಲೆ ಬಂದು ಅರ್ಧ ಕೇಳಿದವನು ಅಣ್ಣ. ಆಗೆಲ್ಲ ತುಟಿ ಎರಡು ಮಾಡದೆ ಕೊಟ್ಟಿದ್ದೆ. ಈಗ ನನ್ನ ಸರದಿ ಬಂತು ಎನಿಸಿತು. ಹಾಳೆಯಲ್ಲಿ ನಲವತ್ತೈದು ಸಾವಿರ ಎಂದು ಬರೆದು, ಮಕ್ಕಳ ಉತ್ತರಪತ್ರಿಕೆಯ ಮೇಲೆ ಅಂಕ ಸುತ್ತುವ ಹಾಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಯಜಮಾನರ ಕೈಯಲ್ಲಿ ಕೆಳಗೆ ಕಳಿಸಿದೆ. ನಾನು ಹೋಗಲಿಲ್ಲ.

ಅಣ್ಣ ಹಾಳೆಯೊಂದಿಗೆ ಮೇಲೆ ಬಂದ. "ನಿನ್ ಗಿಡಕ್ಕೆ ನಾನ್ಯಾಕಮ್ಮ ಕೊಡ್ಲಿ? ಆ ರೂಮಲ್ಲಿ ಒಂದ್ ದಿನ ಆದ್ರೂ ಕೂತಿದೀನಾ?"

"ಗಿಡ ನಂದು, ಸೂರು ಇಬ್ರುದ್ದೂ. ನೀರು ನಿನ್ ಬಾಗಿಲಿಗೂ ಬರ್ತಾ ಇದೆ. ಅರ್ಧ ನಿಂದು, ಅರ್ಧ ನಂದು" ಎಂದೆ. ತರಗತಿಯಲ್ಲಿ ಹೇಳುವಂತೆ ಒಂದೊಂದು ಪದವನ್ನೂ ಬಿಡಿಸಿ ಹೇಳಿದೆ.

ಆಮೇಲೆ ಹದಿನೈದು ದಿನ ಮಾತಿಲ್ಲ. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂರಲಿಲ್ಲ. ಚಿಕ್ಕಮ್ಮನಿಗೆ, ಅತ್ತೆಯ ಮಗಳಿಗೆ, ಫೋನ್ ಮಾಡಿದವರಿಗೆಲ್ಲ ಹೇಳಿಕೊಂಡೆ: ತಂಗಿಗೆ ಖರ್ಚು ಮಾಡಬೇಕೆಂದರೆ ಅವನಿಗೆ ಕೈ ಬರುವುದಿಲ್ಲ ಎಂದು. ಮಾತು ಸುತ್ತಿ ಬಳಸಿ ಕೆಳಗಿನ ಮನೆಗೂ ತಲುಪಿರಬೇಕು. ಒಂದು ಬೆಳಿಗ್ಗೆ ನಲವತ್ತೈದು ಸಾವಿರ ನನ್ನ ಖಾತೆಗೆ ಬಂದು ಬಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅಂದು ನಾನು ಹಿರಿಹಿರಿ ಹಿಗ್ಗಿದೆ. ಪಾಯಸ ಮಾಡಿದೆ.

ಎರಡು ದಿನದಲ್ಲಿ ಹೊಸ ಸೂರು ಬಂತು. ಕೋಣೆಗೆ ಅಷ್ಟು ಬೆಳಕು ಅಪ್ಪನ ಕಾಲದಲ್ಲೂ ಇರಲಿಲ್ಲ. ಎರಡು ವಾರ ರಾಣಿಯಂತೆ ಕೂತು ಕಾಫಿ ಕುಡಿದೆ. ಮೂರನೆಯ ವಾರ, ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ, ಕೋಣೆಯಲ್ಲಿ ಕಬ್ಬಿಣದ ಬೀರು ನಿಂತಿತ್ತು. ಅದರ ಪಕ್ಕ ಸುತ್ತಿಟ್ಟ ಹಾಸಿಗೆಗಳು, ಅತ್ತಿಗೆಯ ಉಪ್ಪಿನಕಾಯಿ ಭರಣಿಗಳು, ಯಾರೂ ತುಳಿಯದ ವ್ಯಾಯಾಮದ ಸೈಕಲ್ಲು. ನನ್ನ ಕುಂಡಗಳೆಲ್ಲ ಪಡುವಣ ಗೋಡೆಗೆ ಒತ್ತಿಕೊಂಡು ಕೂತಿದ್ದವು.

"ಇದೇನಣ್ಣ?" ಎಂದೆ.

"ನನ್ ಅರ್ಧದಲ್ಲಿ ಇಟ್ಕೊಂಡಿದೀನಿ ಕಣಮ್ಮ. ನೀನೇ ತಾನೆ ಹೇಳಿದ್ದು?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. ನೆಲದ ಟೈಲ್ಸ್ ಎಣಿಸಿ ನೋಡಿದೆ. ಒಂದು ಸಾಲೂ ಹೆಚ್ಚು ತೆಗೆದುಕೊಂಡಿರಲಿಲ್ಲ. ಒಂದು ಕುಂಡವೂ ಬಿರುಕು ಬಿಟ್ಟಿರಲಿಲ್ಲ, ಎಲ್ಲವನ್ನೂ ಅವನೇ ಕೈಯಾರೆ ಎತ್ತಿಟ್ಟಿದ್ದನಂತೆ. ಬೀರು ಮಾತ್ರ ಮೂಡಲ ಕಿಟಕಿಗೆ ಅಡ್ಡ ನಿಂತು ಬೆಳಗಿನ ಬಿಸಿಲನ್ನು ನುಂಗಿತ್ತು. ಅಂದಿನಿಂದ ಯಾರೂ ಹೊರಗೆ ನಿಂತು ಕೇಳುವುದಿಲ್ಲ. ನಾನು ಲೋಟ ಹಿಡಿದು ಕೂತಿರುವಾಗಲೇ ಅತ್ತಿಗೆ ಬಂದು ಭರಣಿ ತೆರೆಯುತ್ತಾರೆ, ಸೊಪ್ಪಿನ ಬೆಲೆ ಹೇಳಿ ಹೋಗುತ್ತಾರೆ.

ತಡೆಯಲಾರದೆ ಒಂದು ದಿನ ಚೆಕ್ ಬರೆದುಕೊಂಡು ಕೆಳಗೆ ಹೋದೆ. "ನಿನ್ ಅರ್ಧ ವಾಪಸ್ ತಗೊಂಬಿಡಣ್ಣ" ಎಂದೆ. ಅಣ್ಣ ಪೇಪರ್ ಮಡಿಸಿಟ್ಟ.

"ಬೇಡಮ್ಮ. ಸೋರ್ತಾ ಇದೆ ಅಣ್ಣ ಅಂತ ಬಂದು ಒಂದ್ ಮಾತು ಹೇಳಿದ್ರೆ ಪೂರ್ತಿ ನಾನೇ ಹಾಕಿಸ್ತಿದ್ದೆ. ನೀನು ಕೆಂಪು ಇಂಕಲ್ಲಿ ಬರ್ದು ಕಳಿಸ್ದೆ. ಊರಿಗೆಲ್ಲ ಹೇಳ್ದೆ. ಕೊಟ್ಟಾಯ್ತು, ಬಿಡು."

ಸುಳ್ಳುಗಾರ ಎಂದು ಬೈದುಕೊಳ್ಳುತ್ತ ಮೆಟ್ಟಿಲು ಹತ್ತಿದೆ. ಬಲ್ಬಿಗೂ ಅರ್ಧ ಕೇಳಿದವನು ಪೂರ್ತಿ ಸೂರು ಹಾಕಿಸುತ್ತಿದ್ದನಂತೆ! ಆದರೆ ಅವನು ಹೇಳಿದ್ದು ನಿಜವೇ ಇರಬಹುದೇನೋ ಎಂಬ ಅನುಮಾನ ಹೊಕ್ಕಿದ್ದು ಇವತ್ತಿಗೂ ಬಿಟ್ಟು ಹೋಗಿಲ್ಲ.

ಅಷ್ಟರಲ್ಲಿ ಗೌರಿ ಹಬ್ಬ ಬಂತು. ಆ ದಿನ ಮದುವೆಯಾದ ಹೆಣ್ಣುಮಕ್ಕಳಿಗೆ ತವರಿನಿಂದ ಅರಿಶಿನ ಕುಂಕುಮ ಬರಬೇಕು. ನಾವು ಯಲಹಂಕದ ಬಾಡಿಗೆ ಮನೆಯಲ್ಲಿದ್ದಾಗ ಅಣ್ಣ ಎರಡು ಬಸ್ ಬದಲಾಯಿಸಿ ತಂದುಕೊಟ್ಟಿದ್ದ. ಇಲ್ಲಿಗೆ ಬಂದ ಮೇಲೆ ನನ್ನ ತವರು ಇರುವುದು ಇಪ್ಪತ್ತು ಮೆಟ್ಟಿಲು ಕೆಳಗೆ. ಆದರೂ ಪ್ರತಿ ವರ್ಷ ಪಂಚೆ ಉಟ್ಟು, ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ರವಿಕೆ ಕಣ ಇಟ್ಟುಕೊಂಡು, ದೂರದೂರಿನಿಂದ ಬಂದವನ ಹಾಗೆ ಬಾಗಿಲು ಬಡಿಯುತ್ತಿದ್ದ. ಮಾತು ಬಿಟ್ಟಿದ್ದ ವರ್ಷಗಳಲ್ಲೂ ಅದನ್ನು ತಪ್ಪಿಸಿರಲಿಲ್ಲ.

ಆ ಸಲವೂ ಹತ್ತು ಗಂಟೆಗೇ ರೇಷ್ಮೆ ಸೀರೆ ಉಟ್ಟು ಕೂತೆ. "ನಾವೇ ಒಂದ್ಸಲ ಕೆಳಗೆ ಹೋಗ್ಬರೋಣ್ವಾ?" ಎಂದರು ಯಜಮಾನರು. "ಬರ್ತಾನೆ, ಸುಮ್ನಿರಿ" ಎಂದೆ.

ಹನ್ನೊಂದರ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಅಣ್ಣನದೇ ಹೆಜ್ಜೆ. ಸೆರಗು ಸರಿಮಾಡಿಕೊಂಡು ಬಾಗಿಲು ತೆರೆದೆ. ಅವನು ನನ್ನ ಬಾಗಿಲು ದಾಟಿ ಆಗಲೇ ಮೇಲಿನ ಮೆಟ್ಟಿಲು ಹತ್ತುತ್ತಿದ್ದ. ತಾರಸಿಯಲ್ಲಿ ಬೀರು ತೆರೆದ, ಮುಚ್ಚಿದ ಸದ್ದಾಯಿತು. ಹಬ್ಬದಡುಗೆಯ ದೊಡ್ಡ ಹಿತ್ತಾಳೆ ಪಾತ್ರೆ ಹಿಡಿದು ಇಳಿದು ಬಂದ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ, ಪಕ್ಕದ ಮನೆಯವರನ್ನು ಕೇಳುವ ಹಾಗೆ ಕೇಳಿದ:

"ಹಬ್ಬ ಆಯ್ತಾಮ್ಮ?"

"ಆಯ್ತಣ್ಣ" ಎಂದೆ. ಅವನು ಕೆಳಗೆ ಹೋದ.