ಯಾರೆಂದು ಕೇಳಿದ್ದು

ನಿನ್ನ ಜೊತೆ ಆಸ್ಪತ್ರೆಗೆ ಬರಲು ನಾನು ಷರತ್ತು ಹಾಕಿದೆ, ಅಶ್ವಿತಾ. ಹೆದರಿ ಹಿಂಜರಿದೆ ಎಂದು ನೀನು ಅಂದುಕೊಂಡಿದ್ದರೆ — ಅಲ್ಲ. ನನಗೆ ಅವನ ಹೆಸರು ಬೇಕಿತ್ತು, ಅಷ್ಟೇ.

ಆಗ ನಾವಿಬ್ಬರೂ ಉಜಿರೆಯಲ್ಲಿ ಎಂ.ಕಾಂ. ಓದುತ್ತ ಸುಗುಣಕ್ಕನ ಮನೆಯಲ್ಲಿ ಬಾಡಿಗೆಗಿದ್ದೆವು. ಬಸುರಿಯಾದದ್ದನ್ನು ನೀನು ಮೊದಲು ಹೇಳಿದ್ದು ನನಗೆ. ತೆಗೆಸಲು ಮೂಡಬಿದಿರೆಗೆ ಹೋದರೆ ಅಲ್ಲಿನ ಡಾಕ್ಟರು, ಗಂಡನನ್ನೋ ಮನೆಯವರನ್ನೋ ಕರೆದುಕೊಂಡು ಬಾ ಎಂದು ವಾಪಸು ಕಳಿಸಿದ್ದರು. ನರಿಕೊಂಬಿನ ನಿನ್ನ ಮನೆಗೆ ತಿಳಿದರೆ ಓದು ಅಲ್ಲಿಗೇ ಮುಗಿಯುತ್ತಿತ್ತು. ಮೂಡಬಿದಿರೆಯಲ್ಲಿ ನಮ್ಮ ಗುರುತು ಯಾರಿಗೂ ಇಲ್ಲ, ಅಕ್ಕ ಎಂದು ಹೇಳಿಕೊಂಡು ಬಾ — ನೀನು ಕೇಳಿದ್ದು ಇಷ್ಟೇ.

"ಬರ್ತೇನೆ ಮಾರಾಯ್ತಿ. ಮೊದಲು ಯಾರೂಂತ ಹೇಳು."

ನೀನು ಹೇಳಲಿಲ್ಲ. ನಾನು ದಿನಾ ಕೇಳಿದೆ. ಕ್ಲಾಸಿನ ಹುಡುಗರನ್ನೆಲ್ಲ ಒಬ್ಬೊಬ್ಬರಾಗಿ ಅಳೆದು ನೋಡಿದೆ, ನಿನ್ನ ಫೋನು ಸದ್ದು ಮಾಡಿದಾಗೆಲ್ಲ ಕತ್ತು ಉದ್ದ ಮಾಡಿದೆ. ದಿನ ಕಳೆದಂತೆ ನಿನಗೆ ಜೀವ ಹೋಗುತ್ತಿತ್ತು; ನನಗದು ಟೀವಿ ಧಾರಾವಾಹಿ!

ಸುಗುಣಕ್ಕನ ಮನೆಯಲ್ಲಿ ಮುಟ್ಟಾದವರು ಮೂರು ದಿನ ಹಿಂದಿನ ಜಗಲಿಯಲ್ಲೇ ಉಣ್ಣಬೇಕು. ಅವರು ದೂರ ನಿಂತು ಬಡಿಸುತ್ತಿದ್ದರು; ಸೆರಗು ತಾಗಿದರೂ ಸ್ನಾನ ಮಾಡುತ್ತಿದ್ದರು. ತಿಂಗಳು ತಪ್ಪಿದ್ದು ಅವರಿಗೆ ತಿಳಿಯಬಾರದು, ಸುಮ್ಮನೆ ಹೊರಗೆ ಕೂರು ಎಂದು ನಿನಗೆ ಹೇಳಿಕೊಟ್ಟವಳೂ ನಾನೇ. ಮಹಾ ಬುದ್ಧಿವಂತೆ! ಮರುದಿನ ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ — ಸುಗುಣಕ್ಕ ಅನ್ನದ ಪಾತ್ರೆ ಕೆಳಗಿಟ್ಟು ನಿನ್ನ ಪಕ್ಕದಲ್ಲೇ ಕೂತು ತಲೆ ನೇವರಿಸುತ್ತಿದ್ದರು. ಹೊರಗೆ ಕೂತವರನ್ನು ಎಂದೂ ಮುಟ್ಟದ ಹೆಂಗಸು. ನೀನು ಕೂತದ್ದು ಸುಳ್ಳೆಂದು ಅವರಿಗೆ ಗೊತ್ತಾಗಿತ್ತು; ಉಳಿದದ್ದನ್ನು ನೀನೇ ಹೇಳಿಬಿಟ್ಟಿದ್ದೆ.

"ಊಟ ಮಾಡು ಮಗಾ. ನಾಳೆ ಮೂಡಬಿದಿರೆಗೆ ಹೋಗುವ. ತಾಯಿ ಅಂತ ನಾನು ಹೇಳ್ತೇನೆ."

ಯಾರೆಂದು ಅವರು ಕೇಳಲಿಲ್ಲ. ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ನಾನು ಕಿಟಕಿಗೆ ಕಿವಿಗೊಟ್ಟು ನಿಂತಿದ್ದೆ. ನಿನ್ನ ಅಳು ಕೇಳಿಸುತ್ತಿತ್ತು, ಆದರೂ —

ಎಲ್ಲ ಸುಸೂತ್ರವಾಯಿತು. ನೀನು ಪರೀಕ್ಷೆ ಬರೆದೆ, ಬಂಟ್ವಾಳದಲ್ಲಿ ಕೆಲಸ ಹಿಡಿದೆ. ನನ್ನೊಡನೆ ಜಗಳವಾಡಲಿಲ್ಲ, ನಿನ್ನ ವಿಷಯ ಹೇಳುವುದನ್ನು ಮಾತ್ರ ನಿಲ್ಲಿಸಿದೆ. ಮದುವೆಯಾದದ್ದೂ ನನಗೆ ಬೇರೆಯವರಿಂದ ತಿಳಿಯಿತು. ಆ ದಿನ ನಾನು ತುಂಬಾ ಅತ್ತೆ.

ಕ್ಷಮೆ ಕೇಳಲು ನಿನ್ನಲ್ಲಿಗೆ ಎಷ್ಟೋ ಸಲ ಹೊರಟಿದ್ದೇನೆ. ಬಸ್ ಸ್ಟ್ಯಾಂಡಿನವರೆಗೂ ಹೋಗಿ ಹಿಂತಿರುಗಿದ್ದೇನೆ. ಯಾಕೆಂದರೆ — ಇದನ್ನೂ ಹೇಳಿಬಿಡುತ್ತೇನೆ — ನಿನ್ನ ಗಂಡ ಬಾಗಿಲು ತೆರೆದರೆ ನಾನು ಅವನ ಮುಖವನ್ನೇ ನೋಡುತ್ತೇನೆ, ಇವನೇ ಇರಬಹುದೇ ಎಂದು. ಈ ಚಾಳಿ ನನ್ನನ್ನು ಬಿಡುವವರೆಗೆ ನಾನು ಬರುವುದಿಲ್ಲ.