ಮುನಿಸಿಕೊಂಡವಳ ಚಿತ್ರ

ಚಿತ್ರ ಬರೆಯುವುದು ನನಗೆ ಹುಟ್ಟಿನಿಂದ ಬಂದ ವಿದ್ಯೆಯಲ್ಲ. ಶಿಫ್ಟ್ ಮುಗಿಸಿ ಹೊಸೂರಿಂದ ಊರಿಗೆ ಹೋಗುವ ಬಸ್ಸಿನಲ್ಲಿ, ಎದುರಿಗೆ ಕೂತವರ ಮುಖ ಬರೆದು ಬರೆದು ಕಲಿಯುತ್ತಿದ್ದೆ. ಯಾರನ್ನು ಬರೆದರೂ ನಮ್ಮ ಸೂಪರ್‌ವೈಸರ್ ಥರವೇ ಕಾಣುತ್ತಿದ್ದರು.

ಒಂದು ಸಂಜೆ ರಸ್ತೆಗೆ ಆನೆಗಳು ಇಳಿದಿವೆಯೆಂದು ಸಾನಮಾವಿನ ಕಾಡಿನ ಹತ್ತಿರ ಬಸ್ಸು ನಿಂತುಬಿಟ್ಟಿತು. ಪಕ್ಕದಲ್ಲಿ ಕೂತಿದ್ದ ಮುದುಕರೊಬ್ಬರು ನನ್ನ ಪುಸ್ತಕದೊಳಗೆ ಬಗ್ಗಿ ನೋಡಿದರು.

"ನಮ್ಮನೆಯೋಳ್ದು ಒಂದು ಬರ್ಕೊಡಪ್ಪ. ಅವಳು ಹೋಗಿ ಮೂರು ವರ್ಸ ಆಯ್ತು. ರೇಷನ್ ಕಾರ್ಡಲ್ಲಿರೋ ಫೋಟೋ ಅವಳ ಥರಾನೇ ಇಲ್ಲ."

"ಮೂಗು ಹೆಂಗಿತ್ತು ತಾತ?"

"ಎಲ್ಲಾರ್ಗೂ ಇರಂಗೇ."

"ಕಣ್ಣು?"

ತಾತ ಮೆಲ್ಲಗೆ, "ನಾನೆಲ್ಲಿ ಸರ್ಯಾಗಿ ನೋಡ್ದೆ? ಸಿಟ್ಟು ಬಂದ್ರೆ ಗೋಡೆ ಕಡೆ ತಿರುಗ್ಬುಟ್ಟು ಕೂತ್ಕೊಳೋಳು. ತುರುಬು ಒಂದ್ಕಡೆ ಜಾರಿರೋದು. ಅದು ಮಾತ್ರ ಈಗ್ಲೂ ಕಣ್ಣಾಗೈತೆ" ಅಂದರು.

ನಾನು ಬಚಾವಾದೆ ಅಂದುಕೊಂಡೆ. ಗೋಡೆ ಕಡೆ ತಿರುಗಿ ಕೂತ ಹೆಂಗಸಿನ ಬೆನ್ನು, ಜಾರಿದ ತುರುಬು, ಅಷ್ಟೇ ಬರೆದುಕೊಟ್ಟೆ. ತಾತ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದರು. ಬಸ್ಸು ಹೊರಟಾಗ ಹಾಳೆಯ ಹತ್ತಿರ ಬಾಗಿ, "ಸಾಕು, ಇತ್ತಾಗೆ ತಿರುಗೇ" ಅಂದರು.

ನಾನು ಬರೆದ ಮುಖಗಳಲ್ಲಿ ಹೋಲಿಕೆ ಕೂಡಿಬಂದದ್ದು ಇವತ್ತಿಗೂ ಅದೊಂದೇ.