ಗಿಟಾರಿನವನೂ ಫುಟ್‌ಬಾಲಿನವನೂ

ಅಡಿಲೇಡಿನ ಗ್ಲೆನೆಲ್ಗ್‌ನಲ್ಲಿದ್ದಾಗ ನನಗೆ ಸಾಲ್ಸಾ ಹೇಳಿಕೊಡಲು ಹೋಗಿ ಸೋತ ಮೆಕ್ಸಿಕೋದವನೊಬ್ಬನಿದ್ದ. ಪರ್ತ್‌ಗೆ ಬಂದು ವಿಲೆಟನ್‌ನಲ್ಲಿ ಮನೆ ಮಾಡಿದ ಮೇಲೆ ನೋಡಿದರೆ, ಮಗಳಿಗೆ ಗಿಟಾರ್ ಕಲಿಸುವ ಚಿಲಿಯವನಿಗೂ ಅದೇ ಹೆಸರು. ಮಗನ ಫುಟ್‌ಬಾಲ್ ಕೋಚ್ ಕೊಲಂಬಿಯಾದವನು, ಅವನಿಗೂ ಅದೇ. ಇವರಲ್ಲಿ ಹೆಸರಿಗೆ ಇಷ್ಟು ಬರಗಾಲವೇ ಎಂದು ನಗುತ್ತಿದ್ದೆ. ಮೈಸೂರಿನ ನನ್ನ ತರಗತಿಯಲ್ಲಿ ನನ್ನದೇ ಹೆಸರಿನವರು ಐದು ಜನ ಇದ್ದದ್ದು ಆಗ ನೆನಪಾಗುತ್ತಿರಲಿಲ್ಲ.

ಗಿಟಾರ್ ಮೇಷ್ಟ್ರದ್ದೂ ಕೋಚ್‌ನದೂ ಮೂರು ಪದಗಳ ಹೆಸರು. ಮೊದಲೆರಡು ಒಂದೇ, ಮೂರನೆಯದು ಮಾತ್ರ ಬೇರೆ. ನನ್ನ ಪಾಸ್‌ಪೋರ್ಟಿನಲ್ಲಿ ಕೊನೆಗಿರುವುದು ಅಪ್ಪನ ಹೆಸರು. ಇವರದೂ ಹಾಗೇ ಇರಬೇಕು, ಅವರ ಅಪ್ಪಂದಿರು ನನಗೇಕೆ ಎಂದುಕೊಂಡು ಇಬ್ಬರ ಕೊನೆಯ ಪದವನ್ನೂ ಬಿಟ್ಟು ಫೋನಿಗೆ ಸೇರಿಸಿದ್ದೆ.

ಆ ವರ್ಷ ಅತ್ತೆ ಮೂರು ತಿಂಗಳಿಗೆಂದು ಬಂದಿದ್ದರು. ಬಿಚ್ಚಿ ಜೋಡಿಸುವ ಪುಟ್ಟ ವೀಣೆಯೂ ಅವರ ಜೊತೆ ಬಂದಿತ್ತು. ಅವರು ವೀಣೆ ನುಡಿಸಿದರೆ ಮಾವ ಮೃದಂಗ ಬಾರಿಸುತ್ತಿದ್ದರಂತೆ. ಮಾವ ಹೋದ ಮೇಲೆ ಅತ್ತೆ ಯಾರ ಜೊತೆಗೂ ನುಡಿಸಿರಲಿಲ್ಲ. ಮೊಮ್ಮಗಳ ಗಿಟಾರ್ ಪಾಠವನ್ನು ಬಾಗಿಲ ಆಚೆಯಿಂದ ಕೇಳಿ ಕೇಳಿ, ಹೊರಡುವ ಮುಂಚೆ ಆ ಮೇಷ್ಟ್ರ ಜೊತೆ ಒಂದು ಸಲ ನುಡಿಸಬೇಕು ಎಂದರು. ಸೋಮವಾರ ವಿಮಾನ. ಭಾನುವಾರ ಊಟಕ್ಕೆ ಬಾ, ಗಿಟಾರ್ ತಾ ಎಂದು ಮೆಸೇಜ್ ಹಾಕಿದೆ. ಖಂಡಿತ ಬರುತ್ತೇನೆ ಎಂದು ಉತ್ತರವೂ ಬಂತು.

ಭಾನುವಾರ ಅತ್ತೆ ಬೆಳಗ್ಗೆಯೇ ಶ್ರುತಿ ಮಾಡಿಟ್ಟು ರೇಷ್ಮೆ ಸೀರೆ ಉಟ್ಟು ಕೂತರು. ಹನ್ನೆರಡಕ್ಕೆ ಬಾಗಿಲು ತೆಗೆದರೆ ಕೋಚ್ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹುರಿದ ಬಾಳೆಕಾಯಿಯ ಡಬ್ಬಿ. ಫೋನಿನಲ್ಲಿ ಒಂದೇ ಹೆಸರಿದ್ದ ಇಬ್ಬರಲ್ಲಿ ಮೆಸೇಜ್ ಇವನಿಗೆ ಹೋಗಿತ್ತು. ನನಗೆ ನನ್ನ ಮೇಲೇ ಕೆಟ್ಟ ಕೋಪ ಬಂತು. ಒಳಗೆ ಓಡಿ ಮೇಷ್ಟ್ರಿಗೆ ಫೋನ್ ಮಾಡಿದೆ. ಅವನು ಊರಲ್ಲೇ ಇರಲಿಲ್ಲ.

ಅತ್ತೆಗೆ ಹೇಳಿದೆ. ಅವರ ಮುಖ ಚಿಕ್ಕದಾಯಿತು. ಆದರೂ "ಬಂದೋನನ್ನ ನಿಲ್ಲಿಸ್ಬೇಡ, ಎಲೆ ಹಾಕು" ಎಂದರು.

ಬಿಸಿಬೇಳೆಬಾತನ್ನು ಎರಡು ಸಲ ಬಡಿಸಿಕೊಂಡ ಮೇಲೆ ಅವನೇ ಬಾಯಿಬಿಟ್ಟ. ಗಿಟಾರ್ ಎಂದು ಓದಿದಾಗಲೇ ಕರೆ ತನಗಲ್ಲ ಎಂದು ಗೊತ್ತಾಗಿತ್ತಂತೆ. ಪರ್ತ್‌ಗೆ ಬಂದು ಎರಡು ವರ್ಷವಾದರೂ ಯಾರೂ ಮನೆಯ ಊಟಕ್ಕೆ ಕರೆದಿರಲಿಲ್ಲ, ಅದಕ್ಕೇ ಬಂದುಬಿಟ್ಟೆ ಎಂದ. ಫೋನ್ ತೋರಿಸಿ ನನ್ನ ಜಾಣತನ ಒಪ್ಪಿಕೊಂಡೆ. ಅವನು ಜೋರಾಗಿ ನಕ್ಕ. ಅಪ್ಪನ ಮನೆತನದ ಹೆಸರು ಮಧ್ಯದಲ್ಲಿದೆಯಂತೆ. ನಾನು ಬಿಟ್ಟಿದ್ದು ಅವನ ಅಮ್ಮನದು.

ಅದನ್ನೆಲ್ಲ ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು ಎದ್ದು ಹೋಗಿ ವೀಣೆಯ ಮುಂದೆ ಕೂತರು. ಒಬ್ಬರೇ ಶುರು ಮಾಡಿದರು. ಸ್ವಲ್ಪ ಹೊತ್ತು ಕೇಳಿದ ಕೋಚ್ ಮೆಲ್ಲಗೆ ಚಪ್ಪಾಳೆ ಹಾಕತೊಡಗಿದ. ಅವನ ಪೆಟ್ಟು ನಮ್ಮ ತಾಳಕ್ಕೆ ಅಡ್ಡಡ್ಡ ಬೀಳುತ್ತಿತ್ತು. ಅತ್ತೆ ತಲೆಯೆತ್ತಿ ನೋಡಿ, ನಡೆ ಬದಲಿಸಿ, ಅವನನ್ನು ಹಿಡಿದುಕೊಂಡರು. ಆಮೇಲೆ ಒಂದು ಗಂಟೆ ಇಬ್ಬರೂ ನನ್ನ ಕಡೆ ನೋಡಲೇ ಇಲ್ಲ. ಅಡುಗೆಮನೆಯಲ್ಲಿ ನಿಂತು ನಾನು ಸಂತೋಷಕ್ಕೆ ಅತ್ತುಬಿಟ್ಟೆ.

ಮರುದಿನ ಏರ್‌ಪೋರ್ಟಿನಲ್ಲಿ ಅತ್ತೆ ನನ್ನ ಫೋನ್ ಈಸಿಕೊಂಡು, ಕೋಚ್‌ನ ಹೆಸರು ಹುಡುಕಲು ಬಾರದೆ ನನ್ನ ಕೈಗೇ ವಾಪಸ್ ಕೊಟ್ಟು, "ಅವರಮ್ಮನ ಹೆಸರು ಸೇರಿಸು, ನಾನು ನೋಡ್ತೀನಿ" ಎಂದರು. ಅವರ ಎದುರಿಗೇ ಸೇರಿಸಿದೆ.